ಆಟ ಮಗನಿಗೆ, ಅಡ್ಮಿಷನ್ ನನಗೆ: ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25

ಮೊದಲೇ ಹೇಳಿಬಿಡುತ್ತೇನೆ, ಈ ಗೇಮ್‌ನಲ್ಲಿ ನಾನು ಚೆಂಡು ಮುಟ್ಟುವುದೇ ಇಲ್ಲ. ಪಂದ್ಯ ಬಂದರೆ ಸಿಮ್ಯುಲೇಟ್ ಒತ್ತಿ ಕಂಪ್ಯೂಟರ್‌ಗೆ ಬಿಟ್ಟುಬಿಡುತ್ತೇನೆ. ನನಗೆ ಬೇಕಿರುವುದು ಮೈದಾನದ ಆಚೆಗಿನ ಭಾಗ. ಹೈಸ್ಕೂಲ್ ಮುಗಿಸುತ್ತಿರುವ ಹುಡುಗರನ್ನು ಹುಡುಕಬೇಕು, ಮಾತಾಡಿಸಬೇಕು, ಪಕ್ಕದ ಕಾಲೇಜಿನವರು ಎತ್ತಿಕೊಂಡು ಹೋಗುವ ಮುಂಚೆ ನಮ್ಮಲ್ಲಿಗೆ ಸೇರಿಸಬೇಕು.

ವಿಡಿಯೋ ಗೇಮ್ ರಿವ್ಯೂ ಬರೆಯೋಕೆ ಈಯಮ್ಮ ಯಾರು ಅಂತ ನೀವು ಕೇಳಬಹುದು. ತುಮಕೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಸಂಜೆಯಿಂದ ನಮ್ಮ ಕೆಲಸವೇ ಬೇರೆ. ಸ್ಟಾಫ್ ರೂಮಿನಲ್ಲಿ ತಾಲ್ಲೂಕು ಹಂಚುತ್ತಾರೆ. ಒಬ್ಬರಿಗೆ ಶಿರಾ, ಒಬ್ಬರಿಗೆ ಮಧುಗಿರಿ, ಒಬ್ಬರಿಗೆ ತಿಪಟೂರು. 625ಕ್ಕೆ 600 ದಾಟಿದವರ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಕೂರಬೇಕು. ಆ ಕಡೆಯಿಂದ ಅಪ್ಪ ಹೇಳುತ್ತಾರೆ, "ಮೇಡಂ, ಇನ್ನೊಂದು ಕಾಲೇಜಿನವರು ಹಾಸ್ಟೆಲ್ ಫೀಸೂ ಬೇಡ ಅಂದವ್ರೆ, ನೀವೇನ್ ಕೊಡ್ತೀರಾ?" ಹೀಗಿರುವಾಗ ಅಮೆರಿಕದ ಕಾಲೇಜುಗಳು ಫುಟ್‌ಬಾಲ್ ಹುಡುಗರಿಗಾಗಿ ಕಿತ್ತಾಡುವ ಗೇಮ್ ಮನೆಗೆ ಬಂದರೆ ನಾನು ಸುಮ್ಮನೆ ಇರುತ್ತೇನಾ?

ಬಂದಿದ್ದು ತಂಗಿಯ ಗಂಡನ ಕೃಪೆಯಿಂದ. ಅವರು ಟೆಕ್ಸಾಸ್‌ನಲ್ಲಿದ್ದಾರೆ. ಊರಿಗೆ ಬರುವವರೊಬ್ಬರ ಸೂಟ್‌ಕೇಸಿನಲ್ಲಿ ನನ್ನ ಮಗನಿಗೆ ಡಿಸ್ಕ್ ಕಳಿಸಿದರು. ಗೇಮ್ ಬಿಡುಗಡೆಯಾದಾಗ ಅಲ್ಲಿನ ಬೆಲೆ 69.99 ಡಾಲರ್ ಇತ್ತು. ಇದು ಟಿವಿಗೆ ಜೋಡಿಸುವ ಗೇಮ್ ಯಂತ್ರಗಳಾದ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ ಇರುವ ಗೇಮ್. ಪಿಎಸ್4 ಇಟ್ಟುಕೊಂಡವರಿಗೆ, ಕಂಪ್ಯೂಟರ್‌ನಲ್ಲಿ ಆಡುವವರಿಗೆ ಇಲ್ಲ. ಪಿಎಸ್5 ಡಿಸ್ಕ್‌ಗೆ ದೇಶದ ಬೀಗ ಇರುವುದಿಲ್ಲ, ಹಾಗಾಗಿ ಅಮೆರಿಕದ ಡಿಸ್ಕ್ ಎಸ್‌ಎಸ್ ಪುರಂನ ನಮ್ಮ ಮನೆಯಲ್ಲೂ ಆರಾಮಾಗಿ ಓಡುತ್ತದೆ. ಅಪ್‌ಡೇಟ್ ಮಾತ್ರ ದೊಡ್ಡದು. ರಾತ್ರಿ ಹಾಕಿ ಮಲಗಿಬಿಡಿ.

ಫುಟ್‌ಬಾಲ್ ಅಂದರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಒಂದು ಕಡೆಗೆ 11 ಜನ, ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಇಷ್ಟು ಗೊತ್ತಿದ್ದರೆ ನನ್ನ ಹಾಗೆ ಆಡುವುದಕ್ಕೆ ಸಾಕು.

ಗೇಮ್ ಬಂದಿದ್ದು 2024ರ ಜುಲೈನಲ್ಲಿ. ಅದಕ್ಕೆ ಮುಂಚಿನದು 2013ರದ್ದು. ನಡುವೆ 11 ವರ್ಷ ಯಾಕೆ ಖಾಲಿ ಅಂದರೆ, ಅದೂ ಹುಡುಗರ ವಿಷಯವೇ. ಯುಸಿಎಲ್‌ಎ ಕಾಲೇಜಿನ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ 2009ರಲ್ಲಿ ಕೇಸು ಹಾಕಿದರು. ನನ್ನ ಥರದ್ದೇ ಮುಖ, ನಾನು ಹಾಕುತ್ತಿದ್ದ ನಂಬರನ್ನೇ ಗೇಮ್‌ನಲ್ಲಿ ಹಾಕಿ ಮಾರುತ್ತೀರಿ, ನನಗೆ ಒಂದು ಪೈಸೆ ಇಲ್ಲ ಅನ್ನುವುದು ಅವರ ವಾದ. ಆ ಕೇಸಿನಿಂದಾಗಿ ಫುಟ್‌ಬಾಲ್ ಗೇಮೂ ನಿಂತುಹೋಯಿತು. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು ಅಂತ ಆಯಿತು. ಆಮೇಲೆ ಈ ಗೇಮ್ ಮತ್ತೆ ಎದ್ದಿತು. ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಗೇಮ್‌ನ ಒಂದು ಪ್ರತಿ ಕೊಟ್ಟರು. ಮೊದಲ ದರ್ಜೆಯ 134 ಕಾಲೇಜೂ ಒಳಗಿವೆ. ಒಂದೊಂದಕ್ಕೂ ಅದರದ್ದೇ ಸ್ಟೇಡಿಯಂ, ಅದರದ್ದೇ ಬ್ಯಾಂಡ್ ಹಾಡು.

ಈಗ ನನ್ನ ವಿಭಾಗ. ಅದರ ಹೆಸರು ಡೈನಾಸ್ಟಿ ಮೋಡ್. ನೀವು ಕೋಚ್. ಒಂದು ಕಾಲೇಜು ಆರಿಸಿಕೊಂಡು 30 ಸೀಸನ್‌ವರೆಗೆ ನಡೆಸಬಹುದು. ಆನ್‌ಲೈನ್‌ನಲ್ಲಾದರೆ 32 ಜನ ಸೇರಿ ಒಬ್ಬರ ಹುಡುಗರನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು. ನಿಮ್ಮ ಪಟ್ಟಿಯಲ್ಲಿ ಒಟ್ಟಿಗೆ 35 ಹುಡುಗರಿಗೆ ಮಾತ್ರ ಜಾಗ. ಪ್ರತಿ ವಾರ ಇಷ್ಟು ಗಂಟೆ ಅಂತ ಕೊಡುತ್ತಾರೆ, ಕಾಲೇಜಿನ ಹೆಸರು ದೊಡ್ಡದಾದಷ್ಟೂ ಗಂಟೆ ಜಾಸ್ತಿ. ಆ ಗಂಟೆಗಳೇ ನಿಮ್ಮ ದುಡ್ಡು. ಸ್ಕಾಲರ್‌ಶಿಪ್ ಆಫರ್ ಮಾಡಲು 5 ಗಂಟೆ. ಸೋಷಿಯಲ್ ಮೀಡಿಯಾದಲ್ಲಿ ಹುಡುಗನನ್ನು ಜಾಲಾಡಲು 5. ಅವನಿಗೇ ಮೆಸೇಜ್ ಹಾಕಲು 10. ಮನೆಯವರು, ಗೆಳೆಯರನ್ನು ಹಿಡಿಯಲು 25. ಇರುವುದನ್ನೆಲ್ಲ ಒಬ್ಬನ ಮೇಲೆ ಸುರಿಯುವುದಾದರೆ 50, ಅದು 'ಸೆಂಡ್ ದ ಹೌಸ್'. ಮನೆಯವರನ್ನು ಮಾತಾಡಿಸುವುದು ಹುಡುಗನಿಗೆ ಮೆಸೇಜ್ ಹಾಕುವುದಕ್ಕಿಂತ ಎರಡೂವರೆ ಪಟ್ಟು ದುಬಾರಿ ಅಂತ ಇಟ್ಟವರು ಯಾರೋ, ಅವರು ಖಂಡಿತ ಒಮ್ಮೆ ಕೊರಟಗೆರೆ ಕಡೆ ಕ್ಯಾನ್ವಾಸಿಂಗ್ ಹೋಗಿ ಬಂದಿರಬೇಕು.

ಹುಡುಗರಿಗೆ ಐದರವರೆಗೆ ಸ್ಟಾರ್ ಇದೆ. ಆದರೆ ಸ್ಟಾರ್ ನಂಬಿ ಕೂರುವ ಹಾಗಿಲ್ಲ. ಇನ್ನಷ್ಟು ಗಂಟೆ ಹಾಕಿ ಸ್ಕೌಟ್ ಮಾಡಿದರೆ ಒಬ್ಬ 'ಜೆಮ್' ಅಂತ ಗೊತ್ತಾಗುತ್ತದೆ, ಇನ್ನೊಬ್ಬ 'ಬಸ್ಟ್', ಅಂದರೆ ಹೆಸರಿಗಷ್ಟೇ ದೊಡ್ಡವನು. ಮೂರು ಸ್ಟಾರ್‌ನ ಜೆಮ್ ಸಿಕ್ಕ ವಾರ ನನಗೆ ಹಬ್ಬ. ನಮ್ಮಲ್ಲೂ 618 ಬಂದ ಹುಡುಗ ಫಸ್ಟ್ ಪಿಯು ಮೋಲ್ ಕಾನ್ಸೆಪ್ಟ್‌ನಲ್ಲೇ ಕುಸಿದಿದ್ದುಂಟು, 540 ಬಂದ ಹುಡುಗಿ ನೀಟ್‌ನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದುಂಟು. ನಮಗೆ ಸ್ಕೌಟ್ ಮಾಡಲು ಗಂಟೆ ಕೊಡುವುದಿಲ್ಲ, ಅಷ್ಟೇ.

ಇದೆಲ್ಲದರ ತಿರುಳು ಇರುವುದು 14 ಅಂಶಗಳಲ್ಲಿ. ಆಡಲು ಎಷ್ಟು ಬೇಗ ಅವಕಾಶ ಸಿಗುತ್ತದೆ, ಕಾಲೇಜಿನ ಇತಿಹಾಸ, ಓದಿನ ಹೆಸರು, ಸ್ಟೇಡಿಯಂನ ಗದ್ದಲ, ಕ್ಯಾಂಪಸ್ ಬದುಕು, ಕೋಚ್ ಉಳಿಯುತ್ತಾನಾ ಓಡುತ್ತಾನಾ, ಮುಂದೆ ಪ್ರೊಫೆಷನಲ್ ಆಗುವ ದಾರಿ, ಮನೆಗೆ ಎಷ್ಟು ಹತ್ತಿರ, ಹೀಗೆ. ಪ್ರತಿಯೊಂದಕ್ಕೂ ನಿಮ್ಮ ಕಾಲೇಜಿಗೆ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್. ಪ್ರತಿ ಹುಡುಗನಿಗೂ ಇದರಲ್ಲಿ ಮೂರು ಮುಖ್ಯ, ಅದು ಮೊದಲಿಗೆ ನಿಮಗೆ ಕಾಣುವುದಿಲ್ಲ. ಮಾತಾಡಿಸುತ್ತಾ ಹೋದ ಹಾಗೆ ಒಂದೊಂದೇ ಬಯಲಾಗುತ್ತದೆ. ಜೊತೆಗೆ ಒಂದು 'ಡೀಲ್‌ಬ್ರೇಕರ್' ಇರುತ್ತದೆ. ಅದರಲ್ಲಿ ನಿಮ್ಮ ಗ್ರೇಡ್ ಕಮ್ಮಿ ಇದ್ದರೆ ಅವನು ನಿಮ್ಮನ್ನು ತಿರುಗಿಯೂ ನೋಡುವುದಿಲ್ಲ.

ನಾನು ಆರಿಸಿಕೊಂಡಿದ್ದು ಅಲಬಾಮಾ ರಾಜ್ಯದ ಆಬರ್ನ್. ಬೇಕಂತಲೇ. ಸುಮಾರು 250 ಕಿ.ಮೀ. ದೂರದ ಟಸ್ಕಲೂಸಾದಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಇದೆ. ಎರಡೂ ಸರ್ಕಾರಿ ಕಾಲೇಜುಗಳೇ. ಆ ರಾಜ್ಯದಲ್ಲಿ ಎನ್‌ಎಫ್‌ಎಲ್, ಅಂದರೆ ಪ್ರೊಫೆಷನಲ್ ಫುಟ್‌ಬಾಲ್ ಲೀಗಿನ ತಂಡ ಇಲ್ಲ, ಹಾಗಾಗಿ ಊರಿನ ಅಭಿಮಾನವೆಲ್ಲ ಈ ಎರಡರ ನಡುವೆ ಹರಿದು ಹಂಚಿಹೋಗಿದೆ. ಮೊದಲ ಪಂದ್ಯ 1893ರಲ್ಲಿ. 1907ರಲ್ಲಿ 6-6 ಸಮ ಆದ ಮೇಲೆ ಆಟಗಾರರ ಊಟ-ವಸತಿ ಖರ್ಚು ಎಷ್ಟು, ಅಂಪೈರ್ ಎಲ್ಲಿಯವನಾಗಿರಬೇಕು ಅಂತ ಜಗಳವಾಗಿ ಆಟವನ್ನೇ ನಿಲ್ಲಿಸಿದರು. ಮತ್ತೆ ಆಡಿದ್ದು 1948ರಲ್ಲಿ, ಅದೂ ಶಾಸನಸಭೆ ಒತ್ತಾಯ ಮಾಡಿದ ಮೇಲೆ. 41 ವರ್ಷ ಮಾತು ಬಿಟ್ಟಿದ್ದರು, ನೋಡಿ! ಇದನ್ನು ಓದಿದ ಮೇಲೆ ನಮ್ಮ ಪ್ರಿನ್ಸಿಪಾಲರು ಬಿಎಚ್ ರೋಡಿನ ಇನ್ನೊಂದು ಕಾಲೇಜಿನ ಪ್ರಿನ್ಸಿಪಾಲರಿಗೆ ಮದುವೆ ಮನೆಯಲ್ಲಿ ನಮಸ್ಕಾರ ಹೇಳದಿದ್ದುದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಗೇಮ್‌ನಲ್ಲಿ ಅಲಬಾಮಾ ಆರಿಸಿಕೊಂಡರೆ ಮಜಾ ಇಲ್ಲ. ನಿಕ್ ಸೇಬನ್ ಎಂಬ ಕೋಚ್ ಅಲ್ಲಿ 2009ರಿಂದ 2020ರೊಳಗೆ ಆರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದು, 2024ರ ಜನವರಿಯಲ್ಲಿ ನಿವೃತ್ತರಾದರು. ಅವರು ಹೋದರೂ ಹೆಸರು ಉಳಿದಿದೆ. ಹುಡುಗರು ತಾವಾಗಿಯೇ ಬಂದು ಬೀಳುತ್ತಾರೆ. ಆಬರ್ನ್‌ನಿಂದ ಆಡಿದರೆ ಮಾತ್ರ ಬೆವರು ಬರುತ್ತದೆ.

ಒಂದೇ ರಾಜ್ಯದ ಎರಡು ಕಾಲೇಜು ಒಬ್ಬ ಹುಡುಗನಿಗಾಗಿ ಜಗಳ ಆಡುವಾಗ ಗೇಮ್ ತುಂಬಾ ಜಾಣತನ ತೋರಿಸುತ್ತದೆ. ಬೇರೆ ರಾಜ್ಯದವರು ಬಂದರೆ ನಿಮ್ಮ ಹತ್ತಿರ ಒಂದು ಸುಲಭದ ಅಸ್ತ್ರ ಇರುತ್ತದೆ, ಮನೆಗೆ ಹತ್ತಿರ. ಪಕ್ಕದವರು ಬಂದರೆ ಅದು ಕೆಲಸಕ್ಕೆ ಬರುವುದಿಲ್ಲ. ಇಬ್ಬರೂ ಹತ್ತಿರವೇ. ಇಬ್ಬರಿಗೂ ಒಳ್ಳೆಯ ಗ್ರೇಡೇ. ಒಂದೇ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು), ಒಂದೇ ಊಟ, ಒಂದೇ ಹವಾಮಾನ. ಆಗ ಹುಡುಗನಿಗೆ ನಿಜವಾಗಿ ಏನು ಬೇಕು ಅಂತ ಹುಡುಕದೆ ಬೇರೆ ದಾರಿ ಇಲ್ಲ. ಅಲಬಾಮಾದಲ್ಲಿ ಅವನ ಜಾಗದಲ್ಲಿ ಆಗಲೇ ಮೂರು ಜನ ಒಳ್ಳೆಯವರು ಕೂತಿರುತ್ತಾರೆ, ಅವನ ಸರದಿ ಬರಲು ಎರಡು ವರ್ಷ ಕಾಯಬೇಕು. ನನ್ನಲ್ಲಿ ಮೊದಲ ವರ್ಷವೇ ಮೈದಾನಕ್ಕೆ ಇಳಿಯಬಹುದು. ಆಡುವ ಅವಕಾಶ ಅವನ ಮೂರರಲ್ಲಿ ಒಂದಾಗಿದ್ದರೆ ನಾನು ಗೆದ್ದೆ. ಅವನಿಗೆ ಬೇಕಿರುವುದು ಕಾಲೇಜಿನ ಇತಿಹಾಸ ಆದರೆ, ಎಷ್ಟು ಗಂಟೆ ಸುರಿದರೂ ಗೋವಿಂದ.

ನಮ್ಮ ಫೋನ್ ಕರೆಗಳಲ್ಲಿ ಈ ಪ್ರಶ್ನೆ ಇಲ್ಲವೇ ಇಲ್ಲ. ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತೇವೆ. ಇಂಟಿಗ್ರೇಟೆಡ್ ಕೋಚಿಂಗ್ ಇದೆ, ಎಸಿ ಕ್ಲಾಸ್ ರೂಂ ಇದೆ, ಹೋದ ವರ್ಷ ಇಷ್ಟು ರ‍್ಯಾಂಕ್ ಬಂದಿದೆ. ಇನ್ನೊಂದು ಕಾಲೇಜೂ ಅದನ್ನೇ ಹೇಳುತ್ತದೆ, ಫ್ಲೆಕ್ಸಿನ ಬಣ್ಣ ಮಾತ್ರ ಬೇರೆ. ಕಳೆದ ಬೇಸಿಗೆಯಲ್ಲಿ ಗುಬ್ಬಿ ಕಡೆಯ ಹುಡುಗಿಯೊಬ್ಬಳಿಗೆ ನಾನು ಪಟ್ಟಿ ಬದಿಗಿಟ್ಟು, "ನಿನಗೆ ಕಾಲೇಜಿನಲ್ಲಿ ಏನು ಬೇಕಮ್ಮಾ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಸಂಜೆ ಆರಕ್ಕೆ ಮನೆಗೆ ಬರೋ ಬಸ್ ಸಿಗಬೇಕು ಮಿಸ್" ಅಂದಳು. ನಮ್ಮ ಕಾಲೇಜಿನ ಸ್ಟಡಿ ಅವರ್ ಮುಗಿಯುವುದು ಏಳೂವರೆಗೆ. ಡೀಲ್‌ಬ್ರೇಕರ್. ಅವಳನ್ನು ಪಟ್ಟಿಯಿಂದ ತೆಗೆದೆ. ಹೆಡ್ ಆಫೀಸಿನವರಿಗೆ ಕಾರಣ ಬರೆಯುವ ಕಾಲಂ ಇರಲಿಲ್ಲ.

ಕ್ಯಾಂಪಸ್ ಭೇಟಿಯ ಏರ್ಪಾಡೂ ಚೆನ್ನಾಗಿದೆ. ಒಂದು ಪಂದ್ಯಕ್ಕೆ ನಾಲ್ಕು ಹುಡುಗರವರೆಗೆ ಕರೆಸಬಹುದು. ಚೆಂಡು ಎಸೆಯುವವನನ್ನೂ ಹಿಡಿಯುವವನನ್ನೂ ಒಟ್ಟಿಗೆ ಕರೆದರೆ ಇಬ್ಬರಿಗೂ ಖುಷಿ. ಒಂದೇ ಜಾಗಕ್ಕೆ ಆಡುವ ಇಬ್ಬರನ್ನು ಕರೆದರೆ ಇಬ್ಬರ ಮುಖವೂ ಗಂಟಾಗುತ್ತದೆ. ಆ ಪಂದ್ಯ ಗೆದ್ದರೆ ಇನ್ನೂ ಲಾಭ. ಆಬರ್ನ್‌ನ ಜೋರ್ಡನ್-ಹೇರ್ ಸ್ಟೇಡಿಯಂನಲ್ಲಿ 88,000 ಜನ ಹಿಡಿಸುತ್ತಾರೆ. 2013ರಲ್ಲಿ ಇಲ್ಲೇ ಅಲಬಾಮಾ ಕೊನೆಯ ಸೆಕೆಂಡಿನಲ್ಲಿ ಒದ್ದ ಚೆಂಡು ಕಂಬದವರೆಗೆ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ 34-28ರಿಂದ ಗೆಲ್ಲಿಸಿಬಿಟ್ಟ. ಅಂಥ ಸಂಜೆ ಗ್ಯಾಲರಿಯಲ್ಲಿ ಕೂತ ಹದಿನೇಳರ ಹುಡುಗನಿಗೆ ಬ್ರೋಷರ್ ಕೊಡುವ ಅಗತ್ಯ ಇರಲ್ಲ, ಅಲ್ವಾ? ನಾನು ಅಲಬಾಮಾ ಪಂದ್ಯದ ವಾರಕ್ಕೇ ಭೇಟಿಗಳನ್ನು ಇಟ್ಟುಕೊಳ್ಳುತ್ತೇನೆ. ಆ ಒಂದು ಪಂದ್ಯವನ್ನು ಮಾತ್ರ ಸಿಮ್ಯುಲೇಟ್ ಮಾಡದೆ ಮಗನ ಕೈಗೆ ಕೊಡುತ್ತೇನೆ. ಸೋತರೆ ಅವನಿಗೆ ರಾತ್ರಿ ಊಟಕ್ಕೆ ಉಪ್ಪಿಟ್ಟು.

ಆಮೇಲೆ ಫ್ಲಾರಿಡಾಕ್ಕೆ ಹೋದೆ. ಅಲ್ಲಿ ಒಂದೇ ರಾಜ್ಯದಲ್ಲಿ ಮೂರು ದೊಡ್ಡವರು: ಫ್ಲಾರಿಡಾ, ಫ್ಲಾರಿಡಾ ಸ್ಟೇಟ್, ಮಯಾಮಿ. ಮಯಾಮಿಯ ಕಥೆ ನನಗೆ ತುಂಬಾ ಇಷ್ಟವಾಯಿತು. 1979ರಲ್ಲಿ ಹೌವರ್ಡ್ ಶ್ನೆಲೆನ್‌ಬರ್ಗರ್ ಅಂತ ಒಬ್ಬ ಕೋಚ್ ಬಂದಾಗ ಅಲ್ಲಿನ ಫುಟ್‌ಬಾಲ್ ತಂಡ ಮುಚ್ಚುವ ಹಂತಕ್ಕೆ ಹತ್ತಿರವಿತ್ತು. ಆತ ನಕ್ಷೆಯ ಮೇಲೆ ದಕ್ಷಿಣ ಫ್ಲಾರಿಡಾಕ್ಕೆ ಒಂದು ಗೆರೆ ಎಳೆದು, ಇದಿಷ್ಟೂ 'ಸ್ಟೇಟ್ ಆಫ್ ಮಯಾಮಿ', ಇಲ್ಲಿನ ಹುಡುಗರು ಹೊರಗೆ ಹೋಗಬಾರದು ಅಂದರು. ಬೇರೆ ಕಾಲೇಜಿನವರು ಕಾಲಿಡಲು ಹೆದರುತ್ತಿದ್ದ ಬಡಾವಣೆಗಳ ಹೈಸ್ಕೂಲುಗಳಿಗೂ ಹೋದರು. 1983ರ ಸೀಸನ್ ಮುಗಿಯುವಾಗ ನೆಬ್ರಾಸ್ಕವನ್ನು 31-30ರಿಂದ ಸೋಲಿಸಿ ದೇಶಕ್ಕೇ ಚಾಂಪಿಯನ್ ಆದರು. ಆಮೇಲೆ ಫ್ಲಾರಿಡಾ ಸ್ಟೇಟ್ 1993ರಲ್ಲಿ, ಫ್ಲಾರಿಡಾ 1996ರಲ್ಲಿ ಗೆದ್ದವು. ಒಂದೇ ರಾಜ್ಯದ ಮಣ್ಣಿನಲ್ಲಿ ಮೂರಕ್ಕೂ ಸಾಕಾಗುವಷ್ಟು ಹುಡುಗರು ಸಿಕ್ಕರು.

ಗೇಮ್ ಈ ಗೆರೆಯನ್ನು 'ಪೈಪ್‌ಲೈನ್' ಅಂತ ಇಟ್ಟಿದೆ. ಪ್ರತಿ ಕಾಲೇಜಿಗೂ ಪ್ರತಿ ಕೋಚಿಗೂ ತಮ್ಮ ಕೈ ಓಡುವ ಸೀಮೆಗಳು ಇರುತ್ತವೆ. ಅಲ್ಲಿಯ ಹುಡುಗರು ಬೇಗ ಒಲಿಯುತ್ತಾರೆ. ರಾಜ್ಯದ ಗಡಿಗೂ ಇದಕ್ಕೂ ಪೂರ್ತಿ ಸಂಬಂಧವಿಲ್ಲ, ಅದು ಸರಿಯಾಗಿಯೇ ಇದೆ. ಪಾವಗಡದ ಮಕ್ಕಳಿಗೆ ಜಿಲ್ಲೆ ತುಮಕೂರಾದರೂ ಹಿಂದೂಪುರವೇ ಹತ್ತಿರ. ನಮ್ಮ ಪಾವಗಡದ ಪಟ್ಟಿ ಪ್ರತಿ ವರ್ಷ ಅರ್ಧಕ್ಕರ್ಧ ಖಾಲಿಯಾಗಿಯೇ ವಾಪಸ್ ಬರುತ್ತದೆ. ಉಳಿದ ಮೇಲಿನ ಸಾಲಿನವರನ್ನು ಘಟ್ಟದ ಕೆಳಗಿನ ಕಾಲೇಜುಗಳು ಬಸ್ಸು ಕಳಿಸಿ ಕರೆದುಕೊಂಡು ಹೋಗುತ್ತವೆ. ಗೆರೆ ಎಳೆಯೋಣ ಅಂದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ತುಮಕೂರಿನ ಕಾಲೇಜುಗಳಿಗೆ ತುಮಕೂರಿನ ಕಾಲೇಜುಗಳ ಮೇಲೆಯೇ ಕಣ್ಣು.

ಇನ್ನು ದೂರು. ದೊಡ್ಡದು ಒಂದಿದೆ. ಗೇಮ್‌ನ ಅಡ್ಮಿಷನ್‌ನಲ್ಲಿ ದುಡ್ಡೇ ಇಲ್ಲ. 'ಬ್ರ್ಯಾಂಡ್ ಎಕ್ಸ್‌ಪೋಷರ್', ಅಂದರೆ ಕಾಲೇಜು ಎಷ್ಟು ಜನರ ಕಣ್ಣಿಗೆ ಬೀಳುತ್ತದೆ ಅಂತ ಒಂದು ಗ್ರೇಡ್ ಇಟ್ಟು ಕೈ ತೊಳೆದುಕೊಂಡಿದ್ದಾರೆ. ಹೊರಗೆ ನಡೆಯುತ್ತಿರುವುದೇ ಬೇರೆ. 2021ರಿಂದ ಪ್ರಾಯೋಜಕರು, ಹಳೆಯ ವಿದ್ಯಾರ್ಥಿಗಳ ಗುಂಪುಗಳು ಆಟಗಾರರಿಗೆ ದುಡ್ಡು ಕೊಡುತ್ತಿವೆ. 2025ರ ಕೋರ್ಟ್ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್. ಎಲ್ಲಾ ಕ್ರೀಡೆಗೂ ಸೇರಿ ಅನ್ನಿ, ಆದರೂ ದೊಡ್ಡ ಪಾಲು ಫುಟ್‌ಬಾಲ್‌ಗೇ. ಯಾರ ಮನೆಯಲ್ಲಿ ಯಾರು ಎಷ್ಟು ಹೇಳಿದರು ಅನ್ನುವುದೇ ಇವತ್ತಿನ ಜಗಳ. ಅದನ್ನು ಬಿಟ್ಟು ರಿಕ್ರೂಟಿಂಗ್ ಅಂದರೆ ಫೀಸು ರಿಯಾಯಿತಿ ಇಲ್ಲದ ಮೇ ತಿಂಗಳ ಹಾಗೆ. ನನ್ನ ಅನುಭವದಲ್ಲಿ ಅಂಥ ಮೇ ತಿಂಗಳು ಬಂದಿಲ್ಲ.

ಎರಡನೆಯದು, ನನ್ನ ಆಟದಲ್ಲಿ ಒಪ್ಪಿಕೊಂಡ ಹುಡುಗ ಮತ್ತೆ ಮನಸ್ಸು ಬದಲಿಸಿದ್ದನ್ನು ನೋಡಲೇ ಇಲ್ಲ. ಅಲ್ಲಿ ನಿಜದಲ್ಲಿ ಹುಡುಗ ಬಾಯಿ ಮಾತಿನಲ್ಲಿ ಒಪ್ಪಿದ್ದಕ್ಕೆ ಬೆಲೆ ಇಲ್ಲ. ಸಹಿ ಹಾಕುವ ದಿನ ಟೇಬಲ್ ಮೇಲೆ ಮೂರು ಕಾಲೇಜಿನ ಟೋಪಿ ಇಟ್ಟುಕೊಂಡು, ಟಿವಿ ಕ್ಯಾಮೆರಾ ಮುಂದೆ, ಯಾರೂ ಎಣಿಸದ ನಾಲ್ಕನೆಯ ಟೋಪಿ ಹಾಕಿಕೊಳ್ಳುವವರೂ ಇದ್ದಾರೆ. ಅದರಲ್ಲೂ ಪಕ್ಕದ ಕಾಲೇಜಿಗೆ ಜಿಗಿದರೆ ಊರೆಲ್ಲಾ ರಂಪ. ಆ ಎದೆಬಡಿತ ಇಲ್ಲಿ ಇಲ್ಲ. ಅಡ್ವಾನ್ಸ್ ಕಟ್ಟಿ, ಯೂನಿಫಾರ್ಮ್ ಅಳತೆಯನ್ನೂ ಕೊಟ್ಟು, ಕ್ಲಾಸ್ ಶುರುವಾಗುವ ದಿನ ಬೇರೆ ಕಾಲೇಜಿನ ಬಸ್ಸಿನಲ್ಲಿ ಕಾಣಿಸುವ ಮಕ್ಕಳನ್ನು ನೋಡಿದವಳು ನಾನು. ಗೇಮ್ ಮಾಡಿದವರು ನಮ್ಮ ಮೇಲೆ ಕರುಣೆ ತೋರಿಸಿದ್ದಾರೆ, ಅದು ಬೇಡವಾಗಿತ್ತು.

ಆದರೆ ಬಂದವರು ಉಳಿಯುವ ಖಾತರಿ ಇಲ್ಲ ಅನ್ನುವುದನ್ನು ಚೆನ್ನಾಗಿ ಮಾಡಿದ್ದಾರೆ. ಸೀಸನ್ ಮುಗಿದ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತದೆ. ಆಡಿಸುತ್ತೇನೆ ಅಂತ ಕರೆತಂದು ಬೆಂಚಿನಲ್ಲಿ ಕೂರಿಸಿದರೆ ಅವನು ಹೊರಟ. ಟಿಸಿ ಕೊಡಲ್ಲ ಅಂತ ಹೆದರಿಸುವ ಬಟನ್ ಇಲ್ಲ. ತಂಡದಲ್ಲಿ 85 ಜನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಹೆಚ್ಚಾದರೆ ನೀವೇ ಕೆಲವರನ್ನು ಕಳಿಸಬೇಕು. ಆ ಸ್ಕ್ರೀನ್ ನನಗೆ ಆಗಿಬರುವುದಿಲ್ಲ. ಅದನ್ನು ಮಗನಿಗೆ ಮಾಡು ಅಂತೀನಿ.

ಇನ್ನು ಗೇಮ್‌ನಲ್ಲಿ ಬರುವ ಹೈಸ್ಕೂಲ್ ಹುಡುಗರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು, ನಿಜವಾದವರಲ್ಲ. ಅದು ಒಳ್ಳೆಯದೇ ಅನ್ನಿಸಿತು. ಹದಿನೇಳರ ಮಕ್ಕಳ ಫೋಟೋ, ಅಂಕ ಹಾಕಿ ರೇಟ್ ಕಟ್ಟುವುದು ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸುಗಳಲ್ಲೇ ಸಾಕಷ್ಟಿದೆ.

ಸಣ್ಣಪುಟ್ಟ ತೊಂದರೆ: ಅಕ್ಷರ ತೀರಾ ಚಿಕ್ಕದು, ಸೋಫಾದಿಂದ ಓದಲು ಕನ್ನಡಕ ಬೇಕು. ಒಂದು ಮೆನುವಿನಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸುತ್ತದೆ. ಮೈದಾನದ ಆಟ ಹೇಗಿದೆ ಅಂತ ಮಗನನ್ನು ಕೇಳಿದೆ, "ಸೂಪರ್, ಆದ್ರೆ ಡಿಫೆನ್ಸ್ ಕಷ್ಟ" ಅಂದ. ಅಷ್ಟೇ ಬರೆದಿದ್ದೇನೆ.

2025ರ ಜುಲೈನಲ್ಲಿ 26 ಅನ್ನುವ ಮುಂದಿನದೂ ಬಂತು, ಅದರಲ್ಲಿ ನಿಜವಾದ ಕೋಚ್‌ಗಳ ಹೆಸರೂ ಇವೆ. ನನಗೆ 25ರ ಡಿಸ್ಕೇ ಸಾಕು. ನೀವು ಶುರು ಮಾಡುವುದಾದರೆ ಟೆಕ್ಸಾಸ್ ಎ ಅಂಡ್ ಎಂ ತಗೊಳ್ಳಿ. ಟೆಕ್ಸಾಸ್ ಜೊತೆಗಿನ ಅವರ ಪಂದ್ಯ 2011ರ ನಂತರ ನಿಂತುಹೋಗಿ, ಟೆಕ್ಸಾಸ್ ಕೂಡ ಅದೇ ಕಾನ್ಫರೆನ್ಸಿಗೆ ಬಂದ ಮೇಲೆ 2024ರಲ್ಲಿ ಮತ್ತೆ ಶುರುವಾಯಿತು. ದೊಡ್ಡ ರಾಜ್ಯ, ಹುಡುಗರಿಗೆ ಬರ ಇಲ್ಲ, ಸೋತರೂ ಇನ್ನೊಬ್ಬ ಸಿಗುತ್ತಾನೆ. ಮೊದಲ ವಾರ ಐದು ಸ್ಟಾರ್‌ನವರನ್ನು ಇಬ್ಬರಿಗಿಂತ ಜಾಸ್ತಿ ಪಟ್ಟಿಗೆ ಹಾಕಬೇಡಿ. ಗಂಟೆಗಳನ್ನು ಮೂರು ಸ್ಟಾರ್‌ನವರನ್ನು ಸ್ಕೌಟ್ ಮಾಡಲು ಉಳಿಸಿಕೊಳ್ಳಿ. ಮತ್ತೆ, ಮೇ ತಿಂಗಳಲ್ಲಿ ಕಾಲ್ ಮಾಡಿದರೆ ನಾನು ಸಿಗುವುದಿಲ್ಲ, ಈ ಸಲ ನನಗೆ ಚಿಕ್ಕನಾಯಕನಹಳ್ಳಿ ಹಾಕಿದ್ದಾರೆ.